ಬೆರಳಿನಷ್ಟು ಓರೆ

ನನ್ನ ಕೆಲಸ ಕಂಬ ನೆಡುವುದು. ಕೇಳಿದವರು ನಗುತ್ತಾರೆ, ನಗಲಿ. ನಮ್ಮದು ನಗರಸಭೆಯ ಮೈದಾನ. ಒಂದೇ ಹುಲ್ಲಿನ ಮೇಲೆ ನಾಲ್ಕು ಕ್ಲಬ್ಬಿನವರು ನಾಲ್ಕು ಬಗೆಯ ಫುಟ್‌ಬಾಲ್ ಆಡುತ್ತಾರೆ, ಒಬ್ಬೊಬ್ಬರೂ ತಮ್ಮದೇ ಅಸಲಿ, ಮಿಕ್ಕವರದು ಕೋತಿ ಕುಣಿತ ಎಂದು ನಂಬಿದ್ದಾರೆ. ಮಂಗಳವಾರದವರದು ದುಂಡು ಚೆಂಡು. ಬಲೆಗೆ ಹೊಡೆದರೆ ಒಂದು ಗೋಲು, ಮುಗಿಯಿತು. ಗುರುವಾರದವರಿಗೆ ಬಲೆಯೂ ಬೇಕು, ಅದರ ಮೇಲೆ ಉದ್ದನೆಯ ಕಂಬಗಳೂ ಬೇಕು: ಬಲೆಗೆ ಹೋದರೆ ಮೂರು, ಅಡ್ಡಪಟ್ಟಿಯ ಮೇಲೆ ಹಾರಿದರೆ ಒಂದು. ಶನಿವಾರ ರಗ್ಬಿ. ಗೆರೆಯಾಚೆ ಚೆಂಡು ಊರಿದರೆ ಟ್ರೈ, ಐದು, ಅದರ ಬೆನ್ನಿಗೇ ಕಂಬಗಳ ನಡುವೆ ಒದ್ದರೆ ಕನ್ವರ್ಷನ್, ಎರಡು, ಪೆನಾಲ್ಟಿಗೆ ಮೂರು. ಭಾನುವಾರದವರಿಗೆ ಅಡ್ಡಪಟ್ಟಿಯೇ ಬೇಡ, ಸಾಲಾಗಿ ನಾಲ್ಕು ಕಂಬ ಸಾಕು. ನಡುವಿನ ಎರಡರ ಮಧ್ಯೆ ಹೋದರೆ ಆರು. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ ಉಂಟು. ಅದನ್ನು ಬಿಹೈಂಡ್ ಎನ್ನುತ್ತಾರೆ.

ಈ ಬಿಹೈಂಡ್ ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. "ತಪ್ಪಿದ್ದಕ್ಕೂ ಅಂಕ ಕೊಡ್ತಾರಂತೆ! ಅದು ಆಟ ಅಲ್ಲ, ಅನ್ನದಾನ," ಎಂದು ಉಗಿಯುತ್ತಿದ್ದ. ನನ್ನ ತಮ್ಮನಿಗೆ ಚಿಕ್ಕಂದಿನಲ್ಲಿ ಆ ನಾಲ್ಕು ಕಂಬದ ಆಟವೇ ಪ್ರಾಣ. ಯಾಕೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ನನಗಿಂತ ಮುಂಚೆ ಈ ಮೈದಾನ ನೋಡಿಕೊಳ್ಳುತ್ತಿದ್ದವನು ಅಪ್ಪ. ಅದಕ್ಕೂ ಮುಂಚೆ ಅವನು ಶನಿವಾರದ ಕ್ಲಬ್ಬಿನಲ್ಲಿ ಕಿಕ್ಕರ್, ಅಂದರೆ ಕಂಬಗಳ ನಡುವೆ ಒದೆಯುವ ಕೆಲಸ ಅವನ ಪಾಲಿಗೆ. ಮಂಡಿ ತಿರುಚಿ ಆಟ ನಿಂತಿತು, ಬಾಯಿ ನಿಲ್ಲಲಿಲ್ಲ. ತಾನು ಒದೆಯಲಾಗದೆ ಉಳಿದದ್ದನ್ನೆಲ್ಲ ಮಗನ ಕಾಲಿನಿಂದ ಒದೆಸಬೇಕೆಂದು ಹೊರಟ. ಅಮ್ಮ ಆಗಲೇ ಇರಲಿಲ್ಲ. ಮೈದಾನದ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾವು ಮೂವರೇ.

ಆಗ ತಮ್ಮನಿಗೆ ಒಂಬತ್ತು, ನನಗೆ ಹದಿನಾಲ್ಕು. ಅಪ್ಪ ಅವನಿಗೆ ಎಲ್ಲ ಒದೆತಗಳನ್ನೂ ಕಲಿಸಿದ: ಕೈಯಿಂದ ಬಿಟ್ಟ ಚೆಂಡು ನೆಲ ಮುಟ್ಟುವ ಮುಂಚೆ ಒದೆಯುವ ಪಂಟ್, ನೆಲ ಮುಟ್ಟಿ ಏಳುವಾಗ ಒದೆಯುವ ಡ್ರಾಪ್. ಆದರೆ ಅಪ್ಪನ ಜೀವವಿದ್ದದ್ದು ನೆಲದ ಮೇಲೆ ನಿಲ್ಲಿಸಿ ಒದೆಯುವುದರಲ್ಲಿ. ಚೆಂಡು ನಿಲ್ಲಿಸಲು ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಪೀಠ ಸಿಗುತ್ತದೆ, ಟೀ ಅನ್ನುತ್ತಾರೆ. ಅಪ್ಪನಿಗೆ ಅದು ಸೋಮಾರಿಗಳ ಸಾಮಾನು. ಹಳೆ ಕಾಲದಲ್ಲಿ ಜೊತೆಯವನೊಬ್ಬ ಹುಲ್ಲಿನ ಮೇಲೆ ಬೋರಲು ಮಲಗಿ, ಮೊಟ್ಟೆಯಾಕಾರದ ಆ ಚೆಂಡಿನ ನೆತ್ತಿಗೆ ತೋರುಬೆರಳು ಒತ್ತಿ ಹಿಡಿಯುತ್ತಿದ್ದನಂತೆ. ನಮ್ಮ ಮನೆಯಲ್ಲಿ ಆ ಬೆರಳು ನನ್ನದಾಯಿತು.

"ನೆಟ್ಟಗೆ ಹಿಡಿ. ದೀಪದ ಕಂಬದ ಥರ ನಿಂತಿರ್ಬೇಕು," ಎಂದು ಅಪ್ಪ ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.

ಲೆಕ್ಕ ಸರಳ. ಸಂಜೆಗೆ ಹತ್ತು ಒದೆತ. ಎಷ್ಟು ತಪ್ಪಿದರೆ ಅಷ್ಟು ಸುತ್ತು, ಮೈದಾನದ ಸುತ್ತಲಿನ ಜಲ್ಲಿ ಹಾದಿಯಲ್ಲಿ, ಬರಿಗಾಲಲ್ಲಿ. ದಿನಾ ನಾಲ್ಕೋ ಐದೋ ತಪ್ಪುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ತಮ್ಮ ಪಾದ ನೆಲಕ್ಕೆ ತಾಗಿಸುತ್ತಿರಲಿಲ್ಲ.

ಹುಲ್ಲಿಗೆ ಕೆನ್ನೆ ಹಚ್ಚಿ ಮಲಗಿದವಳಿಗೆ ಕಾಣುವುದು ಒದೆಯುವವನ ಕಾಲೊಂದೇ. ಹದಿನೈದು ದಿನದಲ್ಲಿ ನನಗೆ ಮರ್ಮ ತಿಳಿಯಿತು. ಅವನ ಎಡಗಾಲು, ಅಂದರೆ ಊರುವ ಕಾಲು, ಚೆಂಡಿಗೆ ತೀರ ಹತ್ತಿರ ಬಂದು ಬೀಳುತ್ತಿತ್ತು. ಚೆಂಡು ಏಳುವಾಗ ಸರಿಯಾಗೇ ಏಳುವುದು, ಆಮೇಲೆ ಬಲಕ್ಕೆ ಜಾರುವುದು. "ಕಾಲು ಸ್ವಲ್ಪ ದೂರ ಇಡೋ" ಎಂದರೆ ತೀರುತ್ತಿತ್ತು. ಒಂದು ಸಲ ಬಾಯಿ ತೆರೆದೆ. "ಕಲಿಸ್ತಿರೋದು ನಾನಾ, ನೀನಾ?" ಎಂದು ಅಪ್ಪ ಕೆನ್ನೆಗೆ ಬಿಟ್ಟ. ಮಾರನೆಯ ಸಂಜೆ ನಾನು ಮಾತಾಡಲಿಲ್ಲ. ಚೆಂಡಿನ ನೆತ್ತಿಯನ್ನು ಒಂದು ಬೆರಳಿನಷ್ಟು ಎಡಕ್ಕೆ ವಾಲಿಸಿದೆ, ಅಷ್ಟೆ. ಹತ್ತಕ್ಕೆ ಹತ್ತೂ ಕಂಬಗಳ ನಡುವೆ ಹೋದವು.

ಅಪ್ಪ "ಹ್ಞೂಂ" ಎಂದ. ಆ ಮನೆಯಲ್ಲಿ ಅದು ಶಾಲು ಹೊದಿಸಿದಷ್ಟು ದೊಡ್ಡದು. ತಮ್ಮ ಆ ದಿನ ಎರಡೂ ಪಾದ ನೆಲಕ್ಕೂರಿ ಉಂಡ. ನನಗೆ ಜಗತ್ತನ್ನೇ ಗೆದ್ದ ಹಾಗಾಯಿತು. ಹದಿನಾಲ್ಕರ ಹುಡುಗಿಗೆ ಬುದ್ಧಿ ಎಷ್ಟಿರುತ್ತದೋ ಅಷ್ಟೇ ಇತ್ತು.

ಆಮೇಲೆ ಅದು ನಿಲ್ಲಲಿಲ್ಲ. ಅವನು ಬೆಳೆದ, ಶನಿವಾರದ ಕ್ಲಬ್ಬಿಗೆ ಸೇರಿದ, ಟೈಲ್ಸ್ ಗೋಡೌನಿನಲ್ಲಿ ಕೆಲಸ ಹಿಡಿದ. ಪ್ರತಿ ಬುಧವಾರ ಅಭ್ಯಾಸ. ನಾನು ಮಲಗುವುದು, ಬೆರಳಿಡುವುದು, ಅವನು ಒದೆಯುವುದು. ಹತ್ತಕ್ಕೆ ಹತ್ತು, ಕಡಿಮೆಯೆಂದರೆ ಒಂಬತ್ತು. ನೋಡಿದವರು ಬೆರಗಾಗುತ್ತಿದ್ದರು. ಆದರೆ ಶನಿವಾರ ಪಂದ್ಯದಲ್ಲಿ ಬೆರಳಿಡುವವರು ಯಾರೂ ಇಲ್ಲ. ಬಟ್ಟೆ ಕೊಳೆ ಮಾಡಿಕೊಂಡು ಮಲಗುವುದು ಅಜ್ಜನ ಕಾಲದ್ದು ಎಂದು ಕ್ಲಬ್ಬಿನವರು ನಕ್ಕುಬಿಟ್ಟರು. ಅವನು ಪ್ಲಾಸ್ಟಿಕ್ ಟೀ ಇಟ್ಟು, ಅಪ್ಪ ಹೇಳಿದ ಹಾಗೆ ದೀಪದ ಕಂಬದಷ್ಟು ನೆಟ್ಟಗೆ ಚೆಂಡು ನಿಲ್ಲಿಸಿ ಒದೆಯುತ್ತಿದ್ದ. ಹತ್ತಿರದ್ದು ಹೇಗೋ ಒಳಗೆ ಬೀಳುತ್ತಿತ್ತು. ದೂರದ್ದೆಲ್ಲ ಬಲಕ್ಕೆ.

ಮನೇಲಿ ಇಲಿ, ಬೀದೀಲಿ ಹುಲಿ ಎನ್ನುತ್ತಾರೆ. ನಮ್ಮವನದು ತಿರುಗಾಮುರುಗ. ಜೊತೆಯವರು ಅವನಿಗೆ "ಬುಧವಾರ" ಎಂದೇ ಹೆಸರಿಟ್ಟರು. ಅವನು ಒದೆಯಲು ನಿಂತರೆ ಕಟ್ಟೆಯ ಮೇಲಿಂದ ಯಾರಾದರೊಬ್ಬ ಕೂಗುತ್ತಿದ್ದ: "ಏ ಬುಧವಾರ, ಇವತ್ತು ಶನಿವಾರ ಕಣೋ!" ಎಲ್ಲರೂ ಗೊಳ್ಳೆನ್ನುತ್ತಿದ್ದರು. ಗೆರೆ ಎಳೆಯುವ ಗಾಡಿ ಹಿಡಿದು ಮೂಲೆಯಲ್ಲಿ ನಿಂತ ನಾನು ನೆಲ ನೋಡುತ್ತಿದ್ದೆ.

ಕ್ಲಬ್ಬಿನ ಕೋಚ್ ಔಷಧಿ ಅಂಗಡಿಯವನು. ಓಡಿಸುವುದು ಬಲ್ಲ, ಒದೆಯುವುದು ಅರಿಯ. "ಕಾಲಲ್ಲಿ ದೋಷ ಇಲ್ಲ, ಬುಧವಾರ ನೋಡ್ತೀವಲ್ಲ! ದೋಷ ಇರೋದು ಎದೇಲಿ," ಎಂದು ತೀರ್ಪು ಕೊಟ್ಟ. ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಆತ ಉಸಿರಾಟ ಹೇಳಿಕೊಟ್ಟ, ನಾಲ್ಕೆಣಿಸಿ ಒಳಗೆ, ಆರೆಣಿಸಿ ಹೊರಗೆ. ಪಾಪ, ಉಸಿರಾಡಿದ. ಚೆಂಡು ಬಲಕ್ಕೇ ಹೋಯಿತು. ಅಪ್ಪ ಅಂತೂ ಒಂದೇ ಪದಕ್ಕೆ ಬಂದು ನಿಂತಿದ್ದ: "ಪುಕ್ಕಲ." ಊಟಕ್ಕೆ ಕರೆಯುವಾಗಲೂ ಅದೇ. "ಪುಕ್ಕಲ ಬಂದ್ನಾ?"

ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಮೊದಮೊದಲು ಅಪ್ಪನ ಭಯ. ಆಮೇಲೆ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಹೇಗೆ ಹೇಳುವುದು ಎಂಬ ಭಯ. ಅದು ವರ್ಷ ಹೋದಂತೆ ಬಲಿಯುವ ಭಯ. ಇವೆರಡೂ ನಿಜ. ಮೂರನೆಯದೂ ನಿಜ, ಅದನ್ನು ಯಾರಿಗೂ ಹೇಳಿಲ್ಲ. ವಾರವಿಡೀ ಕಂಬ ಹೊತ್ತು, ಬೋಲ್ಟು ಬಿಗಿದು, ಯಾರ ಕಣ್ಣಿಗೂ ಬೀಳದ ನನಗೆ ಬುಧವಾರದ ಆ ಹತ್ತು ಒದೆತ ಬೇಕಿತ್ತು. ನನ್ನ ಕೈಯಲ್ಲಿದ್ದಾಗ ಮಾತ್ರ ಅವನು ಗೆಲ್ಲುತ್ತಾನೆ ಎಂಬುದು ನನಗೆ ಹಿತವಾಗಿತ್ತು. ಥೂ ಎನಿಸುತ್ತದೆ, ಆದರೆ ಇತ್ತು.

ಅವನಿಗೆ ಇಪ್ಪತ್ತೊಂಬತ್ತು ತುಂಬಿದ ವರ್ಷ ಕ್ಲಬ್ಬಿನವರು ಅವನನ್ನು ತಂಡದಿಂದ ಕೈಬಿಟ್ಟರು. ಎರಡು ತಿಂಗಳು ಮೈದಾನಕ್ಕೆ ಬೆನ್ನು ಮಾಡಿಕೊಂಡು ಕೂತ. ಒಂದು ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಗುರುವಾರದ ಬಲೆಯ ಹರುಕು ಹೊಲಿಯುತ್ತಿದ್ದೆ. ಓಡಿಬಂದ.

"ಅಕ್ಕಾ, ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ, ಆ ಫುಟ್‌ಬಾಲ್‌ನವರಿಗೆ ಕಿಕ್ಕರ್ ಬೇಕಂತೆ. ದೊಡ್ಡ ಕ್ಲಬ್ಬು. ಮೂರು ವಾರ ಬಿಟ್ಟು ಪರೀಕ್ಷೆ."

"ನಿನಗೆ ಆ ಆಟ ಬರುತ್ತೇನೋ?"

"ಆಟ ಯಾಕೆ ಬರ್ಬೇಕು? ಒದೆಯೋನು ಒದೆಯೋದಕ್ಕೆ ಮಾತ್ರ ಒಳಗೆ ಹೋಗೋದು. ಕಂಬದ ನಡುವೆ ಒದ್ರೆ ಫೀಲ್ಡ್ ಗೋಲು, ಮೂರು. ಟಚ್‌ಡೌನ್, ಅಂದ್ರೆ ನಮ್ಮ ಟ್ರೈ ಥರದ್ದು, ಅದಾದ್ಮೇಲಿನ ಒದೆತಕ್ಕೆ ಒಂದು. ಒದ್ದು ಹೊರಗೆ ಬರೋದು, ಅಷ್ಟೆ." ಅವನು ನನ್ನ ಎದುರು ಕುಕ್ಕರಗಾಲಲ್ಲಿ ಕೂತ. "ಮುಖ್ಯ ವಿಷಯ ಕೇಳು. ಅಲ್ಲಿ ಟೀ ಇಲ್ಲ. ಚೆಂಡು ಹಿಡಿಯೋಕೆ ಅಂತಾನೇ ಒಬ್ಬ ಮಂಡಿಯೂರಿ ಕೂತಿರ್ತಾನೆ. ಬೆರಳಿಟ್ಟು! ನಮ್ಮ ಥರಾನೇ! ನನಗೆ ಆಗದೇ ಇರೋದು ಆ ಪ್ಲಾಸ್ಟಿಕ್ ಜೊತೆ ಮಾತ್ರ ಅಕ್ಕಾ. ಮನುಷ್ಯರ ಕೈ ಇದ್ರೆ ನಾನು ಯಾವತ್ತಾದ್ರೂ ತಪ್ಪಿದೀನಾ?"

ಸೂಜಿ ನನ್ನ ಬೆರಳಿಗೇ ಚುಚ್ಚಿತು. ಅವನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಬೆಳಕಿತ್ತು. ಆಗ ಹೇಳಬೇಕಿತ್ತು. "ಹೋಗ್ಬಾ, ನಾನೂ ಬರ್ತೀನಿ," ಎಂದೆ.

ಮೂರು ವಾರ ದಿನಾ ಸಂಜೆ ಅಭ್ಯಾಸ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಚೆಂಡನ್ನು ನೆಟ್ಟಗೆ ಹಿಡಿದೆ. ಸತತ ನಾಲ್ಕು ಬಲಕ್ಕೆ ಹೋದವು. ಅವನು ಹುಲ್ಲಿನ ಮೇಲೆ ಕುಸಿದು ಕೂತ. "ಮತ್ತೆ ಶುರುವಾಯ್ತು ಅಕ್ಕಾ. ಇಲ್ಲೂ ಬಂತು ಅದು," ಎಂದು ಎದೆಯನ್ನು ಗುದ್ದಿಕೊಂಡ, ಅಲ್ಲಿ ಏನೋ ಹೊಕ್ಕು ಕೂತಿದೆ ಎಂಬಂತೆ. ನನ್ನಿಂದ ನೋಡಲಾಗಲಿಲ್ಲ. ಐದನೆಯದಕ್ಕೆ ಬೆರಳು ತಾನಾಗಿ ವಾಲಿತು. ಚೆಂಡು ನಡುವೆ ಹೋಯಿತು. ಅವನು ನಕ್ಕ. ನಾನೂ ನಕ್ಕೆ. ನನ್ನಂಥ ಹೇಡಿಯನ್ನು ಬಿಟ್ಟು ಅವನನ್ನು ಪುಕ್ಕಲ ಎನ್ನುತ್ತಿದ್ದರು.

ಪರೀಕ್ಷೆಯ ದಿನ ಬಂತು. ಆ ಕ್ಲಬ್ಬಿನ ಮೈದಾನದ ಹುಲ್ಲು ಕಂಡು ನನಗೇ ಹೊಟ್ಟೆಕಿಚ್ಚಾಯಿತು, ಅಂಗೈ ಇಟ್ಟರೆ ಮಣ್ಣು ತಾಗದು. ಕಂಬದ ಬುಡ ಒಂದೇ, ಮೇಲಕ್ಕೆ ಹೋಗಿ ಕವೆಗೋಲಿನ ಹಾಗೆ ಎರಡಾಗಿತ್ತು. ಎದೆಯ ಮೇಲೆ ಸೀಟಿ ತೂಗುಬಿಟ್ಟುಕೊಂಡ ಕೋಚ್ ಚೀಟಿಯೊಂದನ್ನು ಹಲಗೆಗೆ ಸಿಕ್ಕಿಸಿಕೊಂಡು ನಿಂತಿದ್ದ. ಹತ್ತು ಒದೆತ, ಏಳು ಸಿಕ್ಕರೆ ಸೇರಿಸಿಕೊಳ್ಳುತ್ತಾರೆ. ಚೆಂಡು ಹಿಡಿಯುವವನು ತಲೆ ನೆರೆತ ಹಳೆಯ ಆಟಗಾರ, ಬಾಯಲ್ಲಿ ಚೂಯಿಂಗ್ ಗಮ್. ಒದೆಯುವ ಮುಂಚೆ ಅವನು ತಮ್ಮನನ್ನು ಏನೋ ಕೇಳಿದ, ತಮ್ಮ ಏನೋ ಹೇಳಿದ. ಗೆರೆಯಾಚೆ ನಿಂತ ನನಗೆ ಕೇಳಿಸಲಿಲ್ಲ.

ಮೊದಲನೆಯದು ಹತ್ತಿರದಿಂದ. ಹೋಯಿತು, ಆದರೆ ಬಲಗಂಬವನ್ನು ಸವರಿಕೊಂಡು. ಎರಡನೆಯದು ಬಲಗಂಬಕ್ಕೆ ಠಣ್ಣೆಂದು ಬಡಿದು ಮೈದಾನದೊಳಕ್ಕೇ ವಾಪಸು ಬಿತ್ತು. ಮೂರನೆಯದು ಪೂರ್ತಿ ಹೊರಗೆ.

"ಪರವಾಗಿಲ್ಲ, ತಲೆ ಕೆಡಿಸ್ಕೋಬೇಡಿ," ಎಂದ ಕೋಚ್. ಧ್ವನಿಯಲ್ಲಿ ಆಗಲೇ ಆಸಕ್ತಿ ಇಳಿದಿತ್ತು.

ತಮ್ಮ ಕಣ್ಣು ಮುಚ್ಚಿ ಉಸಿರಾಡಲು ಶುರುಮಾಡಿದ. ನಾಲ್ಕೆಣಿಸಿ ಒಳಗೆ, ಆರೆಣಿಸಿ ಹೊರಗೆ. ಇನ್ನೆರಡು ತಪ್ಪಿದರೆ ಮುಗಿಯಿತು. ಮನೆಗೆ ಬಂದು ಮತ್ತೆ ಟೈಲ್ಸ್ ಎತ್ತುತ್ತಾನೆ, ಸಾಯುವ ತನಕ ತಾನು ಪುಕ್ಕಲ ಎಂದೇ ನಂಬಿರುತ್ತಾನೆ. ಪಂದ್ಯದ ಗೆರೆ ತುಳಿದವರನ್ನು ಜೀವಮಾನವೆಲ್ಲ ಬೈದ ನಾನು ಗೆರೆ ದಾಟಿ ಒಳಗೆ ನಡೆದೆ.

"ಚೆಂಡಿನ ನೆತ್ತಿ ಒಂದು ಬೆರಳು ಎಡಕ್ಕೆ ವಾಲಿಸಿ ಹಿಡೀರಿ," ಎಂದು ಮಂಡಿಯೂರಿದವನಿಗೆ ಹೇಳಿದೆ.

ಅವನು ತಲೆ ಎತ್ತಿದ. "ಅದನ್ನ ಒದೆಯೋರು ಹೇಳ್ಬೇಕು ಕಣಮ್ಮ. ಹೇಗೆ ಹಿಡೀಲಿ, ಎಷ್ಟು ವಾಲಿಸ್ಲಿ ಅಂತ ಮೊದಲೇ ಕೇಳ್ದೆ. ಇಲ್ಲಿ ಎಲ್ಲರನ್ನೂ ಕೇಳ್ತೀವಿ. ನೆಟ್ಟಗೆ ಅಂದ್ರು."

ನನಗೆ ನೆಲ ಬಿರಿಯಬಾರದೇ ಎನಿಸಿತು. ಇಲ್ಲಿ ಅದನ್ನು ಕೇಳುತ್ತಾರಂತೆ. ಬೂಟಿನ ಅಳತೆ ಕೇಳಿದ ಹಾಗೆ, ಎಲ್ಲರನ್ನೂ ಕೇಳುತ್ತಾರಂತೆ.

ತಮ್ಮ ಕಣ್ಣು ಬಿಟ್ಟಿದ್ದ. "ನಾವು ಹಿಡಿಯೋದೂ ನೆಟ್ಟಗೇ ಅಲ್ವಾ ಅಕ್ಕಾ?"

ಅವನು ನನ್ನ ಮುಖ ನೋಡಿದ, ಆಮೇಲೆ ನನ್ನ ಬಲಗೈ ನೋಡಿದ. ಅವನು ದಡ್ಡನಲ್ಲ.

"ಯಾವಾಗಿಂದ?" ಎಂದ.

"ನಿನಗೆ ಒಂಬತ್ತಾಗಿದ್ದಾಗಿಂದ."

ಕೋಚ್ ಸೀಟಿ ಊದಿ "ಅಮ್ಮಾ, ದಯವಿಟ್ಟು ಹೊರಗೆ," ಎಂದ. ತಮ್ಮ ಮಂಡಿಯೂರಿದವನತ್ತ ತಿರುಗಿ, ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಸಾದಾ ಧ್ವನಿಯಲ್ಲಿ ಹೇಳಿದ: "ಒಂದು ಬೆರಳು ಎಡಕ್ಕೆ."

ಉಳಿದ ಏಳೂ ಕಂಬಗಳ ನಡುವೆ ಹೋದವು. ಕೊನೆಯದು ಮೈದಾನದ ಅರ್ಧದ ಹತ್ತಿರದಿಂದ. ಕೋಚ್ ಓಡಿಬಂದು ಕೈಕುಲುಕಿದ. ಇಂಥ ಕಾಲು ಇಷ್ಟು ದಿನ ಎಲ್ಲಿ ಅಡಗಿತ್ತು ಎಂದು ಕೇಳಿದ. ತಮ್ಮ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಆದರೂ ಅವನು ನನ್ನ ಪಕ್ಕ ಕೂರದೆ ಮುಂದಿನ ಸೀಟಿನಲ್ಲಿ ಕೂತ. ನಮ್ಮ ನಿಲ್ದಾಣಕ್ಕೆ ಇನ್ನೇನು ಬಂದೆವು ಎನ್ನುವಾಗ, ತಿರುಗದೆಯೇ ಹೇಳಿದ.

"ನಾನು ಪುಕ್ಕಲ ಅಂತ ನಂಬಿಬಿಟ್ಟಿದ್ದೆ ಅಕ್ಕಾ."

"ನಿನ್ನ ಪಾದ ನೋಡಕ್ಕಾಗದೆ ಮಾಡ್ದೆ ಕಣೋ," ಎಂದೆ.

"ಪಾದ ಹತ್ತು ದಿನಕ್ಕೆ ವಾಸಿ ಆಗ್ತಿತ್ತು."

ಅವನು ಆ ವಾರವೇ ಬಟ್ಟೆಬರೆ ಕಟ್ಟಿಕೊಂಡು ಕ್ಲಬ್ಬಿನ ಹಾಸ್ಟೆಲ್ಲಿಗೆ ಹೋದ. ಹೊರಡುವಾಗ ಅಪ್ಪನ ಕಾಲು ಮುಟ್ಟಿದ. ನನಗೆ "ಬರ್ತೀನಿ" ಎಂದ. ಬರಲಿಲ್ಲ.

ಅವನು ಹೋದ ಮೇಲೆ ನನ್ನ ಸಿಟ್ಟೆಲ್ಲ ಅಪ್ಪನ ಮೇಲೆ ತಿರುಗಿತು. ಅಪ್ಪ ಈಗ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ, ಮಂಡಿ ಪೂರ್ತಿ ಹಿಡಿದುಕೊಂಡಿದೆ. ಅವನ ಎದುರು ನಿಂತು ಎಲ್ಲ ಹೇಳಿದೆ. ಜಲ್ಲಿ ಹಾದಿ, ನನ್ನ ಬೆರಳು, ಎಲ್ಲ. ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ.

"ನನಗೇನು ಕಣ್ಣು ಕುರುಡಾಗಿತ್ತಾ?" ಎಂದ. "ಹತ್ತು ವರ್ಷ ಚೆಂಡು ಒದ್ದೋನು ನಾನು. ಚೆಂಡು ಓರೆ ಇದ್ದದ್ದು ಕಾಣ್ದೆ ಇರುತ್ತಾ?"

"ಗೊತ್ತಿತ್ತಾ? ಮತ್ತೆ ಯಾಕಪ್ಪಾ ಬಾಯಿ ಬಿಡ್ಲಿಲ್ಲ?"

"ಅವನೇ ಕಂಡ್ಕೋಬೇಕು ಅಂತಿದ್ದೆ. ಗಂಡಸಾದೋನು ತನ್ನ ತಪ್ಪು ತಾನೇ ಕಂಡ್ಕೋಬೇಕು." ಧ್ವನಿ ತಗ್ಗಿಸಿದ. "ದಿನಾ ಹತ್ತಕ್ಕೆ ಹತ್ತು ಬೀಳ್ತಿತ್ತಲ್ಲ. ನೋಡೋಕೆ ಚೆನ್ನಾಗಿತ್ತು."

ನಾನು ಹೊರಗೆ ಬಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಅತ್ತೆ. ನಾನೂ ಅಪ್ಪನೂ ಬೇರೆ ಬೇರೆ ಎಂದುಕೊಂಡಿದ್ದೆ. ಒಂದೇ ಚೆಂದವನ್ನು ನೋಡಿಕೊಂಡು ಇಬ್ಬರೂ ಕೂತಿದ್ದೆವು.

ಈ ವರ್ಷ ತಮ್ಮ ಟೀವಿಯಲ್ಲಿ ಬರುತ್ತಾನೆ. ಹೆಲ್ಮೆಟ್ಟಿನೊಳಗಿನ ಮುಖ ಸರಿಯಾಗಿ ಕಾಣುವುದಿಲ್ಲ, ಆ ಎಡಗಾಲು ಊರುವ ರೀತಿಯಲ್ಲಿ ಗುರುತು ಹಿಡಿಯುತ್ತೇನೆ. ಇಂದಿಗೂ ಹತ್ತಿರವೇ ಊರುತ್ತಾನೆ. ಮೂರು, ಮೂರು, ಒಂದು, ಮೂರು. ತಪ್ಪುವುದೇ ಅಪರೂಪ. ಕಳೆದ ಶನಿವಾರ ಪಂದ್ಯ ಮುಗಿದ ಮೇಲೆ ಅವನನ್ನು ನಿಲ್ಲಿಸಿ ಮೈಕು ಹಿಡಿದರು. ಅಪ್ಪ ಟೀವಿಯ ಸದ್ದು ಹೆಚ್ಚಿಸಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ನಿಮ್ಮ ಚೆಂಡು ಯಾವಾಗಲೂ ಸ್ವಲ್ಪ ಎಡಕ್ಕೆ ವಾಲಿರುತ್ತೆ," ಎಂದಳು ಮೈಕಿನ ಹುಡುಗಿ. "ಇದೊಂದು ವಿಶೇಷ ಅಂತ ಎಲ್ಲರೂ ಮಾತಾಡ್ಕೋತಿದಾರೆ. ಯಾರು ಕಲಿಸಿದ್ದು?"

ಅವನು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಕಿವಿಯ ಹತ್ತಿರ ಕೂದಲು ನೆರೆಯತೊಡಗಿದೆ. ಒಂದು ಗಳಿಗೆ ಕ್ಯಾಮೆರಾವನ್ನು ನೇರವಾಗಿ ನೋಡಿದ.

"ಯಾರೂ ಇಲ್ಲ," ಎಂದ. "ನಾನೇ ಕಂಡ್ಕೊಂಡೆ. ಸ್ವಲ್ಪ ತಡ ಆಯ್ತು."

ಅಪ್ಪ ತೊಡೆ ತಟ್ಟಿ ನಕ್ಕ. "ನೋಡಿದ್ಯಾ? ತಾನೇ ಕಂಡ್ಕೊಂಡನಂತೆ! ನಾನು ಹೇಳಿರ್ಲಿಲ್ವಾ?"

ಮರುದಿನ ಭಾನುವಾರ. ನಾಲ್ಕು ಕಂಬ ನೆಡುವುದಿತ್ತು, ಬೆಳಿಗ್ಗೆಯೇ ಹೋಗಿ ನೆಟ್ಟೆ. ಪ್ರತಿ ಕಂಬಕ್ಕೂ ತೂಗುಗುಂಡು ಇಳಿಬಿಟ್ಟು, ಕೂದಲೆಳೆಯಷ್ಟೂ ಓರೆಯಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬೋಲ್ಟು ಬಿಗಿದೆ. ಆಟ ಶುರುವಾಗಿ ಯಾರೋ ಒಬ್ಬ ಒದ್ದದ್ದು ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋಯಿತು. ಅಂಪೈರು ಬಾವುಟ ಬೀಸಿ ಅವನಿಗೆ ಒಂದು ಅಂಕ ಕೊಟ್ಟ. ಅವನು ತಲೆ ಕೆರೆದುಕೊಂಡು ನಗುತ್ತ ತನ್ನ ಜಾಗಕ್ಕೆ ಓಡಿದ, ಯಾರೂ ಅವನಿಗೆ ಏನೂ ಅನ್ನಲಿಲ್ಲ.